ಗುಂಡಿ ತುಂಬಿದಾಗ ಯಾರನ್ನು ಕರೆಯುತ್ತೀರಿ?



ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಹಾಡು, ಹಬ್ಬ, ತಿಂಡಿ-ತೀರ್ಥ, ಊರಿನ ಜಾತ್ರೆ, ಹೀಗೆ ಎಲ್ಲದರ ಬಗ್ಗೆಯೂ ಹರಟಿದ್ದೇವೆ. ಇವತ್ತಿನ ವಿಷಯ ಮಾತ್ರ ಊಟದ ಹೊತ್ತಿನಲ್ಲಿ ಯಾರೂ ಎತ್ತದಂಥದ್ದು: ಊರಮನೆಯ ಹಿತ್ತಲಲ್ಲಿರುವ ಸೆಪ್ಟಿಕ್ ಟ್ಯಾಂಕು! ಮೂಗು ಮುರಿಯಬೇಡಿ. ಮುಂಬೈಯ ಫ್ಲ್ಯಾಟಿನಲ್ಲೋ ಚೆನ್ನೈಯ ಅಪಾರ್ಟ್‌ಮೆಂಟಿನಲ್ಲೋ ಇರುವ ನಮಗೆ ಫ್ಲಶ್ ಒತ್ತಿದರೆ ಕೆಲಸ ಮುಗಿಯಿತು. ಆದರೆ ಅಪ್ಪ-ಅಮ್ಮ ಇರುವ ಊರಿನಲ್ಲಿ ಒಳಚರಂಡಿ ಇಲ್ಲ. ಅಲ್ಲಿ ಎಲ್ಲವೂ ಹೋಗಿ ಸೇರುವುದು ಒಂದು ಗುಂಡಿಗೆ. ಆ ಗುಂಡಿಗೊಂದು ಚರಿತ್ರೆಯಿದೆ, ಅದನ್ನು ಬರಿದು ಮಾಡಿದ ಕೈಗಳಿಗೂ ಒಂದು ಚರಿತ್ರೆಯಿದೆ. ಎರಡನ್ನೂ ಒಟ್ಟಿಗೆ ಓದಿದರೆ ಮಾತ್ರ ಕಥೆ ಪೂರ್ತಿಯಾಗುತ್ತದೆ.

ಈ ಟ್ಯಾಂಕು ಹುಟ್ಟಿದ್ದು ಫ್ರಾನ್ಸಿನಲ್ಲಿ. ವೆಸೂಲ್ ಎಂಬ ಊರಿನ ಝಾನ್ ಲೂಯಿ ಮೂರಾಸ್ ಎಂಬಾತ 1860ರ ಆಸುಪಾಸಿನಲ್ಲಿ ಮನೆಯ ಕೊಳಚೆ ಹೋಗಿ ಸೇರುವಂತೆ ನೆಲದಡಿ ಒಂದು ಮುಚ್ಚಿದ ತೊಟ್ಟಿ ಕಟ್ಟಿದ. ಎಷ್ಟೋ ವರ್ಷಗಳ ನಂತರ ಮುಚ್ಚಳ ತೆಗೆದು ನೋಡಿದರೆ ಆಶ್ಚರ್ಯ! ಗಟ್ಟಿ ಪದಾರ್ಥ ಬಹುಪಾಲು ಕರಗಿ, ತುಂಬಿದ್ದೆಲ್ಲ ನೀರೇ. 1881ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. ಆಗಿನ ಪತ್ರಿಕೆಯೊಂದು ಇದನ್ನು ‘ತನ್ನಿಂದ ತಾನೇ ಕೆಲಸ ಮಾಡುವ ಜಾಡಮಾಲಿ’ ಎಂಬರ್ಥದ ಹೆಸರಿಟ್ಟು ಕೊಂಡಾಡಿತು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಗುಂಡಿ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ ಎಂಬ ನಂಬಿಕೆ ಅವತ್ತೇ ಶುರುವಾಯಿತು, ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ.

‘ಸೆಪ್ಟಿಕ್ ಟ್ಯಾಂಕ್’ ಎಂಬ ಹೆಸರು ಬಂದದ್ದು ಇಂಗ್ಲೆಂಡಿನ ಎಕ್ಸಿಟರ್ ನಗರದಿಂದ. ಅಲ್ಲಿನ ನಗರ ಸರ್ವೇಯರ್ ಡೊನಾಲ್ಡ್ ಕ್ಯಾಮರನ್ 1895ರಲ್ಲಿ ಇಂಥ ಟ್ಯಾಂಕು ಕಟ್ಟಿ, ಕೊಳೆಯುವುದು ಎಂಬರ್ಥದ ಗ್ರೀಕ್ ಪದದಿಂದ ಹೆಸರಿಟ್ಟ. ಅದರಿಂದ ಬಂದ ಅನಿಲದಿಂದ ದೀಪ ಕೂಡ ಹಚ್ಚಿದ. ಮುಂಬೈ ಶ್ರೋತೃಗಳಿಗೆ ಇಲ್ಲೊಂದು ಹೆಮ್ಮೆಯ ಸಂಗತಿಯಿದೆ. ಇದಾದ ಎರಡೇ ವರ್ಷಕ್ಕೆ, 1897ರಲ್ಲಿ, ಮಾಟುಂಗಾದ ಕುಷ್ಠರೋಗಿಗಳ ಆಶ್ರಮದಲ್ಲಿ ಮಲದ ತೊಟ್ಟಿಯ ಅನಿಲ ಹಿಡಿದು ಎಂಜಿನ್ ಓಡಿಸಿದ್ದರು. ಊರಾಚೆ ದೂಡಲ್ಪಟ್ಟ ರೋಗಿಗಳಿದ್ದ ಜಾಗದಲ್ಲಿ ಆ ಕಾಲದ ಹೊಸ ತಂತ್ರಜ್ಞಾನ ಕೆಲಸ ಮಾಡುತ್ತಿತ್ತು ನೋಡಿ.

ಆದರೆ ಅದೇ ಹೊತ್ತಿನಲ್ಲಿ ನಮ್ಮ ನಾಡಿನ ಪಟ್ಟಣಗಳಲ್ಲಿ ಬೇರೆಯೇ ವ್ಯವಸ್ಥೆ ನಡೆಯುತ್ತಿತ್ತು. ಬೆಂಗಳೂರಿನ ಹಳೆಯ ಬಡಾವಣೆಗಳನ್ನು ಬಲ್ಲವರಿಗೆ ‘ಕನ್ಸರ್ವೆನ್ಸಿ’ ಎಂಬ ಪದ ಗೊತ್ತಿರುತ್ತದೆ. ಎರಡು ಸಾಲು ಮನೆಗಳ ಹಿಂಗೋಡೆಗಳ ನಡುವಿನ ಸಪೂರ ಗಲ್ಲಿ ಅದು. 1898ರ ಪ್ಲೇಗಿನ ನಂತರ ರೂಪುಗೊಂಡ ಮಲ್ಲೇಶ್ವರ, ಬಸವನಗುಡಿಗಳಲ್ಲೂ ಅದನ್ನು ಬಿಟ್ಟೇ ನಕ್ಷೆ ಹಾಕಿದರು. ಯಾಕೆ ಗೊತ್ತೇ? ಕಕ್ಕಸು ಶುಚಿ ಮಾಡುವವರು ಮುಂಬಾಗಿಲಿನಿಂದ ಬರಬಾರದಲ್ಲ! ಅವರು ಹಿಂದಿನಿಂದಲೇ ಬಂದು, ಗೋಡೆಯ ಕಿಂಡಿಯಿಂದ ಮಲ ಬಾಚಿ, ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು ಹೋಗಬೇಕಿತ್ತು. ಮನೆಯವರ ಕಣ್ಣಿಗೆ ಅವರು ಬೀಳದಂತೆ ಊರಿನ ನಕ್ಷೆಯೇ ನೋಡಿಕೊಳ್ಳುತ್ತಿತ್ತು.

ಈ ತಲೆಹೊರೆಗೆ ಕರ್ನಾಟಕದಲ್ಲಿ ನಿಷೇಧ ಬಂದದ್ದು 1970ರ ದಶಕದ ಆರಂಭದಲ್ಲಿ. ದೇವರಾಜ ಅರಸು ಸರ್ಕಾರದ ಪೌರಾಡಳಿತ ಸಚಿವ ಬಿ. ಬಸವಲಿಂಗಪ್ಪನವರು ತಂದ ಕ್ರಮ ಅದು. ಅವರ ಹೆಸರೆತ್ತಿದರೆ 1973ರ ‘ಬೂಸಾ’ ಗಲಾಟೆ ನೆನಪಿಸಿಕೊಳ್ಳುವವರೇ ಹೆಚ್ಚು. ಮಲದ ಬುಟ್ಟಿ ಇಳಿಸಿದ್ದನ್ನು ನೆನೆಯುವವರು ಕಡಿಮೆ. ಸಂಸತ್ತಿನ ಕಾನೂನು ಬರಲು 1993ರವರೆಗೂ ಕಾಯಬೇಕಾಯಿತು. ಕಾನೂನು ಬಂದ ಮೇಲೂ ಪದ್ಧತಿ ಎಲ್ಲೆಡೆ ನಿಲ್ಲಲಿಲ್ಲ. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 2010ರ ಜುಲೈಯಲ್ಲಿ ಭಂಗಿ ಕುಟುಂಬದವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದಾಗ ನಾಡೇ ಬೆಚ್ಚಿಬಿತ್ತು. ಇರುವ ಮನೆಯಿಂದಲೂ ಎಬ್ಬಿಸುತ್ತಾರೆಂಬ ಸಂಕಟ ಅವರನ್ನು ಅಲ್ಲಿಗೆ ತಂದು ನಿಲ್ಲಿಸಿತ್ತು.

ಕೋಲಾರದ ಚಿನ್ನದ ಗಣಿಯನ್ನೂ ಇಲ್ಲಿ ಮರೆಯುವಂತಿಲ್ಲ. ಕೆ.ಜಿ.ಎಫ್.ನ ಕಾರ್ಮಿಕರ ಕಾಲೊನಿಗಳಲ್ಲಿ ಒಣ ಕಕ್ಕಸುಗಳಿದ್ದವು. ಅವನ್ನು ಬಾಚುತ್ತಿದ್ದ ಕುಟುಂಬವೊಂದರಲ್ಲಿ 1966ರಲ್ಲಿ ಹುಟ್ಟಿದವರು ಬೆಜವಾಡ ವಿಲ್ಸನ್. ಅಲ್ಲಿ ಶುರು ಮಾಡಿದ ಹೋರಾಟ ಮುಂದೆ ಸಫಾಯಿ ಕರ್ಮಚಾರಿ ಆಂದೋಲನವಾಗಿ ದೇಶವಿಡೀ ಹಬ್ಬಿತು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದೇ ವರ್ಷ ಆ ಪ್ರಶಸ್ತಿ ಪಡೆದ ಇನ್ನೊಬ್ಬ ಭಾರತೀಯ ಚೆನ್ನೈಯ ಗಾಯಕ ಟಿ.ಎಂ. ಕೃಷ್ಣ.

ಈಗ ನಮ್ಮ ಗುಂಡಿಗೆ ವಾಪಸ್ ಬರೋಣ. ಒಣ ಕಕ್ಕಸು ಹೋಗಿ ನೀರು ಹೊಯ್ಯುವ ಕಕ್ಕಸು, ಅದರ ಹಿಂದೆ ಸೆಪ್ಟಿಕ್ ಟ್ಯಾಂಕು ಬಂದಾಗ, ಇನ್ನು ಬುಟ್ಟಿಯ ಕಾಲ ಮುಗಿಯಿತು ಅಂದುಕೊಂಡೆವು. 2011ರ ಜನಗಣತಿಯ ಪ್ರಕಾರ ದೇಶದ ಪಟ್ಟಣ-ನಗರಗಳ ನೂರು ಮನೆಗಳಲ್ಲಿ ಸುಮಾರು 33ಕ್ಕೆ ಮಾತ್ರ ಒಳಚರಂಡಿ ಕೊಳವೆ ಇತ್ತು. 38 ಮನೆಗಳು ಸೆಪ್ಟಿಕ್ ಟ್ಯಾಂಕನ್ನೇ ನೆಚ್ಚಿಕೊಂಡಿದ್ದವು. ಅಂದರೆ ಇದೇನೂ ಹಳ್ಳಿಗೆ ಸೀಮಿತವಾದ ಮಾತಲ್ಲ.

ಟ್ಯಾಂಕಿನೊಳಗೆ ನಡೆಯುವುದಿಷ್ಟು. ಭಾರವಾದದ್ದು ತಳಕ್ಕಿಳಿದು ಕೆಸರಾಗುತ್ತದೆ, ಜಿಡ್ಡು ಮೇಲೆ ಕೆನೆಯಂತೆ ಕಟ್ಟುತ್ತದೆ, ನಡುವಿನ ನೀರು ಪಕ್ಕದ ಇಂಗುಗುಂಡಿಗೆ ಹೋಗುತ್ತದೆ. ಗಾಳಿ ಬೇಡದ ಸೂಕ್ಷ್ಮಜೀವಿಗಳು ಕೆಸರನ್ನು ಒಂದಷ್ಟು ಕರಗಿಸುತ್ತವೆ. ಒಂದಷ್ಟು ಮಾತ್ರ! ಉಳಿದದ್ದು ವರ್ಷದಿಂದ ವರ್ಷಕ್ಕೆ ಏರುತ್ತ ಹೋಗುತ್ತದೆ. ಆದ್ದರಿಂದ ಎರಡು-ಮೂರು ವರ್ಷಕ್ಕೊಮ್ಮೆ ಕೆಸರು ತೆಗೆಸಬೇಕೆಂಬುದು ಎಂಜಿನಿಯರುಗಳ ಮಾತು. ಐದು ಜನರ ಸಂಸಾರಕ್ಕೆ ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ, ಸುಮಾರು ಒಂದು ಮೀಟರ್ ನೀರಿನ ಆಳದ ಟ್ಯಾಂಕು ಸಾಕೆನ್ನುತ್ತದೆ ಭಾರತೀಯ ಮಾನಕ. ನಮ್ಮೂರುಗಳಲ್ಲಿ ಏನು ಮಾಡುತ್ತೇವೆ? “ಇಪ್ಪತ್ತು ವರ್ಷ ತಲೆನೋವು ಬೇಡ” ಎಂದು ಬಾವಿಯಂಥ ಗುಂಡಿ ತೋಡಿಸಿ, ಮೇಲೆ ಕಾಂಕ್ರೀಟು ಹಾಕಿ, ಅದರ ಮೇಲೆ ಬಟ್ಟೆ ಒಗೆಯುವ ಕಲ್ಲನ್ನೂ ಇಟ್ಟುಬಿಡುತ್ತೇವೆ! ಕೆಸರು ಉಕ್ಕಿ ಇಂಗುಗುಂಡಿ ಕಟ್ಟಿಕೊಂಡು, ಬಚ್ಚಲಲ್ಲಿ ನೀರು ನಿಂತಾಗಲೇ ನೆನಪು. ಅಷ್ಟರೊಳಗೆ ಪಕ್ಕದ ಬಾವಿಯ ನೀರೂ ಕೆಟ್ಟಿರಬಹುದು.

ವರ್ಷಗಟ್ಟಲೆ ಮುಚ್ಚಿಟ್ಟ ಕೆಸರು ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಯಂತ್ರದ ಪೈಪು ಅದನ್ನು ಸುಲಭವಾಗಿ ಹೀರುವುದಿಲ್ಲ. ಆಗ ಯಾರೋ ಒಬ್ಬರನ್ನು ಕರೆದು, ಒಂದಷ್ಟು ದುಡ್ಡು ಕೊಟ್ಟು, ಒಳಗಿಳಿಸುವ ಯೋಚನೆ ಬರುತ್ತದೆ. ಒಳಗೆ ಹೈಡ್ರೋಜನ್ ಸಲ್ಫೈಡ್ ಕಾದಿರುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯೇ ಹೋಗಿ ವಾಸನೆ ತಿಳಿಯುವುದಿಲ್ಲ, ಮರುಗಳಿಗೆ ಮನುಷ್ಯ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದ ಜೊತೆಗಾರನೂ ಮೇಲೆ ಬರುವುದಿಲ್ಲ. ಪತ್ರಿಕೆಯಲ್ಲಿ ‘ಇಬ್ಬರ ಸಾವು’, ‘ಮೂವರ ಸಾವು’ ಎಂದು ಓದುತ್ತೇವಲ್ಲ, ಅದು ಹೀಗೆ. ಬುಟ್ಟಿ ಹೊತ್ತ ಸಮುದಾಯಗಳಿಗೇ ಬಹುಪಾಲು ಈ ಸಾವೂ ಬಂತು.

2013ರ ಕಾಯ್ದೆ ಇದನ್ನು ಸ್ಪಷ್ಟವಾಗಿ ನಿಷೇಧಿಸಿತು. ತಕ್ಕ ರಕ್ಷಣೆಯಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಜನರನ್ನು ಇಳಿಸುವುದು ಅಪರಾಧ. ಮೊದಲ ಸಲಕ್ಕೆ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸತ್ತವರ ಕುಟುಂಬಕ್ಕೆ 10 ಲಕ್ಷ ಪರಿಹಾರ ಕೊಡಬೇಕೆಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು.

ಯಂತ್ರಗಳು ಇಲ್ಲದೇ ಇಲ್ಲ. ಟ್ಯಾಂಕರಿಗೆ ಪಂಪು ಕೂಡಿಸಿ ಕೆಸರು ಹೀರುವ ಗಾಡಿಗೆ ಬೆಂಗಳೂರಿನಲ್ಲಿ ‘ಹನಿಸಕ್ಕರ್’ ಎಂಬ ತಮಾಷೆಯ ಹೆಸರೂ ಇದೆ. ಹೀರಿದ್ದನ್ನು ಎಲ್ಲಿ ಸುರಿಯಬೇಕು ಎಂಬುದೇ ಬಹುಕಾಲ ಪ್ರಶ್ನೆಯಾಗಿತ್ತು. ಕೆರೆಯಂಗಳ, ಹಳ್ಳ, ಗೊಬ್ಬರ ಬೇಕೆಂದ ರೈತರ ಹೊಲ, ಎಲ್ಲಿ ಸಿಕ್ಕಿದರೆ ಅಲ್ಲಿ. ಹಸಿ ಕೆಸರಿನಲ್ಲಿ ಜಂತುಹುಳದ ಮೊಟ್ಟೆಗಳಿರುವುದರಿಂದ ಅದು ಹೊಲಕ್ಕೂ ಒಳ್ಳೆಯದಲ್ಲ. 2015ರಲ್ಲಿ ದೇವನಹಳ್ಳಿಯಲ್ಲಿ ಇದಕ್ಕೆಂದೇ ಸಂಸ್ಕರಣಾ ಘಟಕ ಶುರುವಾಯಿತು. ಇಡೀ ಪಟ್ಟಣದ ಗುಂಡಿಗಳ ಕೆಸರಿಗಾಗಿ ದೇಶದಲ್ಲಿ ಕಟ್ಟಿದ ಮೊದಲ ಘಟಕ ಅದು. ಅಲ್ಲಿ ಒಣಗಿಸಿ, ಹದ ಮಾಡಿ, ಗೊಬ್ಬರವಾಗಿಸುವ ಏರ್ಪಾಡು ಮಾಡಿದರು. ಪುಣೆಯ ಶ್ರೋತೃಗಳಿಗೆ ಹತ್ತಿರದ ವಾಯಿ, ನಾಸಿಕ್ ಜಿಲ್ಲೆಯ ಸಿನ್ನರ್, ಈ ಎರಡು ಪಟ್ಟಣಗಳು 2018ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟವು. ಯಾರೂ ಕರೆಯಬೇಕಾಗಿಲ್ಲ, ಮೂರು ವರ್ಷಕ್ಕೊಮ್ಮೆ ಸರದಿ ಪ್ರಕಾರ ಗಾಡಿಯೇ ಪ್ರತಿ ಮನೆಗೆ ಬರುವ ವ್ಯವಸ್ಥೆ. ಖರ್ಚು ತೆರಿಗೆಯಲ್ಲೇ ಸೇರಿತು. ಸರದಿಯಲ್ಲಿ ತೆಗೆದರೆ ಕೆಸರು ಗಟ್ಟಿಯಾಗುವುದಿಲ್ಲ. ಗಟ್ಟಿಯಾಗದಿದ್ದರೆ ಯಾರೂ ಇಳಿಯಬೇಕಾಗಿಲ್ಲ.

ಹಾಗಾಗಿ ಒಂದು ಕೋರಿಕೆ. ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ ಮಳೆ, ಬೆಳೆ, ಆರೋಗ್ಯ ವಿಚಾರಿಸುವ ಜೊತೆಗೆ ಇದನ್ನೂ ಕೇಳಿ: “ಅಪ್ಪಾ, ಗುಂಡಿ ತೆಗೆಸಿ ಎಷ್ಟು ವರ್ಷ ಆಯ್ತು?” ನೆನಪಿಲ್ಲ ಅಂದರೆ, ತುಂಬುವ ಮೊದಲೇ ಪುರಸಭೆಗೋ ಪಂಚಾಯಿತಿಗೋ ವಿಚಾರಿಸಿ ಗಾಡಿ ತರಿಸಿ. ಎಲ್ಲಿ ಸುರಿಯುತ್ತೀರಿ ಎಂದು ಡ್ರೈವರನ್ನು ಕೇಳಿ. ಮುಚ್ಚಳ ತೆಗೆದಾಗ ಬೆಂಕಿಕಡ್ಡಿ ಗೀರಬೇಡಿ, ಮಕ್ಕಳನ್ನು ದೂರವಿಡಿ. “ಸ್ವಲ್ಪ ಉಳಿದಿದೆ, ಇಳಿದು ತೆಗೀತೀನಿ” ಎಂದು ಯಾರಾದರೂ ಅಂದರೆ ಬೇಡವೆನ್ನಿ. ತಳದಲ್ಲಿ ಸ್ವಲ್ಪ ಕೆಸರು ಉಳಿದರೆ ನಷ್ಟವೇನಿಲ್ಲ, ಮೊಸರಿಗೆ ಹೆಪ್ಪಿನಂತೆ ಹೊಸ ಸೂಕ್ಷ್ಮಜೀವಿಗಳಿಗೆ ಅದೇ ಬೀಜ.

ತನ್ನಿಂದ ತಾನೇ ಶುಚಿಯಾಗುವ ಗುಂಡಿಯನ್ನು ಯಾರೂ ಇನ್ನೂ ಕಟ್ಟಿಲ್ಲ. ನಮ್ಮ ಮನೆಯ ಗುಂಡಿಗೆ ಮನುಷ್ಯರು ಇಳಿಯದಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲೇ ಇದೆ, ಒಂದು ಫೋನ್ ಕರೆಯಷ್ಟು ದೂರದಲ್ಲಿ.

ಮತ್ತೆ ಸಿಗೋಣ. ಕೇಳುತ್ತಿರಿ, ಓದುತ್ತಿರಿ.