ಮನೆಯಿಂದ ಹಟ್ಟಿ, ಶೆಡ್ಡುಗಳಿಗೆ ಎಳೆದ ಹಳೆಯ ವಿದ್ಯುತ್ ತಂತಿ: ಅಪಾಯ, ಪರೀಕ್ಷೆ, ಪರಿಹಾರ

ಕಾಸರಗೋಡಿನ ಕೃಷಿಕರ ಮನೆಯೆಂದರೆ ಒಂದೇ ಕಟ್ಟಡವಲ್ಲ. ಅಂಗಳದಾಚೆಗೆ ದನದ ಹಟ್ಟಿ, ಬಚ್ಚಲು, ತೋಟದ ಬದಿಯಲ್ಲಿ ಪಂಪಿನ ಶೆಡ್ಡು, ಈಚಿನ ವರ್ಷಗಳಲ್ಲಿ ವಾಹನ ನಿಲ್ಲಿಸುವ ತಗಡಿನ ಮಾಡು, ಇವೆಲ್ಲವೂ ಸೇರಿ ಮನೆ. ಮನೆಯೊಳಗಿನ ವೈರಿಂಗನ್ನು ಹೊಸದಾಗಿಸಿದ ಕುಟುಂಬಗಳೂ ಮನೆಯಿಂದ ಈ ಕಟ್ಟಡಗಳಿಗೆ ಹೋಗುವ ತಂತಿಯನ್ನು ಹಲವೊಮ್ಮೆ ಹಿಂದಿನಂತೆಯೇ ಬಿಟ್ಟಿರುತ್ತವೆ. ಮಕ್ಕಳು ಓಡಾಡುವ, ಬಟ್ಟೆ ಒಣಗಿಸುವ, ಅಡಕೆ ಹರಡುವ ಅಂಗಳದ ಮೇಲೆಯೇ ಅದು ಹಾದುಹೋಗುವುದರಿಂದ ಈ ವಿಷಯವನ್ನು ಪೋಷಕರ ಮುಂದೆ ಕ್ರಮವಾಗಿ ಇಡಬೇಕೆಂದು ನಾವು ಭಾವಿಸಿದ್ದೇವೆ.

ತಂತಿ ಕೆಡುವ ಬಗೆ

ಮನೆಯೊಳಗೆ ಬಳಸಲೆಂದು ತಯಾರಾದ ಪಿ.ವಿ.ಸಿ. ತಂತಿಯನ್ನು ಬಯಲಿನಲ್ಲಿ ಎಳೆದಾಗ ಬಿಸಿಲಿಗೆ ಅದರ ಹೊದಿಕೆ ಗಡುಸಾಗಿ ಬಿರಿಯುತ್ತದೆ. ಇನ್ನೂ ಹಳೆಯ ರಬ್ಬರು ಹೊದಿಕೆಯ ತಂತಿಯಾದರೆ ಮುಟ್ಟಿದೊಡನೆ ಪುಡಿಯಾಗುವುದುಂಟು. ಇಲಿ, ಅಳಿಲುಗಳ ಕಡಿತ ಬೇರೆ. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಬಿರುಕಿನೊಳಗೆ ನೀರಿಳಿಯುವುದು ನಿಶ್ಚಿತ. ತಂತಿಯನ್ನು ತೆಂಗು, ಕಂಗುಗಳಿಗೆ ಕಟ್ಟಿದ್ದರೆ ಗಾಳಿಗೆ ಮರ ತೂಗಿದಾಗಲೆಲ್ಲ ಅದು ಉಜ್ಜಿ ಸವೆಯುತ್ತದೆ. ಸವೆದ ಜಾಗ ತಗಡಿನ ಮಾಡಿಗೋ ಬಟ್ಟೆ ಒಣಗಿಸುವ ಕಬ್ಬಿಣದ ಸರಿಗೆಗೋ ತಾಗಿದರೆ ಅದೂ ವಿದ್ಯುತ್ ಹೊತ್ತ ವಸ್ತುವಾಗುತ್ತದೆ.

ದೂರವೂ ಒಂದು ಸಮಸ್ಯೆ. ಒಂದು ಚದರ ಮಿ.ಮೀ. ದಪ್ಪದ ತಾಮ್ರದ ತಂತಿಯನ್ನು 50 ಮೀಟರ್ ಎಳೆದರೆ, ಹೋಗಿಬರುವ 100 ಮೀಟರಿಗೆ ಅದರ ರೋಧ ಸುಮಾರು 1.8 ಓಮ್. ಅದರಲ್ಲಿ 10 ಆಂಪಿಯರ್ ಹರಿದಾಗ 18 ವೋಲ್ಟ್ ದಾರಿಯಲ್ಲೇ ನಷ್ಟವಾಗಿ, 180 ವಾಟ್ ಶಾಖ ತಂತಿಯುದ್ದಕ್ಕೂ ಹೊಮ್ಮುತ್ತದೆ. ಸಡಿಲವಾದ ಜೋಡಣೆಗಳಲ್ಲಿ ಶಾಖ ಒಂದೇ ಕಡೆ ಸೇರುವುದರಿಂದ ಬೆಂಕಿ ಹುಟ್ಟುವುದು ಹೆಚ್ಚಾಗಿ ಅಲ್ಲಿಯೇ.

ಫ್ಯೂಸ್ ಯಾರನ್ನು ಕಾಯುತ್ತದೆ?

‘ಫ್ಯೂಸ್ ಇದೆಯಲ್ಲ, ಏನಾದರೂ ಆದರೆ ಹೋಗುತ್ತದೆ’ ಎಂಬ ನಂಬಿಕೆ ವ್ಯಾಪಕವಾಗಿದೆ. ಫ್ಯೂಸ್ ಆಗಲಿ ಎಂ.ಸಿ.ಬಿ. ಆಗಲಿ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಪಂಪಿನ ಕವಚಕ್ಕೆ ವಿದ್ಯುತ್ ತಾಗಿದೆ, ಶೆಡ್ಡಿನ ಭೂಸಂಪರ್ಕದ ರೋಧ 100 ಓಮ್ ಇದೆ ಎಂದು ಎಣಿಸೋಣ. 230 ವೋಲ್ಟಿಗೆ ಹರಿಯುವುದು 2.3 ಆಂಪಿಯರ್ ಮಾತ್ರ. 5 ಆಂಪಿಯರಿನ ಫ್ಯೂಸ್ ಇದಕ್ಕೆ ಕರಗದು. ಆದರೆ ಆ ಕವಚವನ್ನು ಒದ್ದೆ ಕೈಯಿಂದ ಮುಟ್ಟಿದವರ ಪ್ರಾಣಕ್ಕೆ ಕುತ್ತು ಬರಲು ಒಂದು ಆಂಪಿಯರಿನ ನೂರನೆಯ ಕೆಲವೇ ಭಾಗಗಳು ಸಾಕು.

ಮನುಷ್ಯನನ್ನು ಕಾಯುವ ಉಪಕರಣ ಆರ್.ಸಿ.ಸಿ.ಬಿ.; ನಮ್ಮಲ್ಲಿ ಇ.ಎಲ್.ಸಿ.ಬಿ. ಎಂದೇ ರೂಢಿ. ಹೋದ ವಿದ್ಯುತ್ತಿಗೂ ಮರಳಿದ ವಿದ್ಯುತ್ತಿಗೂ 30 ಮಿಲಿಆಂಪಿಯರ್ ವ್ಯತ್ಯಾಸ ಬರುವಷ್ಟರೊಳಗೆ ಅದು ಸಂಪರ್ಕ ಕಡಿಯುತ್ತದೆ. ಫೇಸ್, ನ್ಯೂಟ್ರಲ್ ಎರಡನ್ನೂ ಏಕಕಾಲಕ್ಕೆ ಹಿಡಿದವರನ್ನು ಅದು ಗುರುತಿಸಲಾರದು ಎಂಬುದೂ ನೆನಪಿರಲಿ. ಮಳೆಗಾಲದಲ್ಲಿ ಪದೇಪದೇ ಬೀಳುತ್ತದೆಂದು ಅದನ್ನು ತಪ್ಪಿಸಿ ನೇರ ಸಂಪರ್ಕ ಕೊಡಿಸುವವರಿದ್ದಾರೆ. ಅದು ಬೀಳುವುದು ಎಲ್ಲಿಯೋ ವಿದ್ಯುತ್ ಸೋರುತ್ತಿರುವುದರಿಂದ. ಹೊರಗಿನ ತಂತಿಯನ್ನೇ ಮೊದಲು ಶಂಕಿಸಬೇಕು.

ಮನೆಯವರು ಗಮನಿಸಬೇಕಾದ ಲಕ್ಷಣಗಳು

ಕೆಳಗಿನವುಗಳನ್ನು ದೂರದಿಂದ, ಮುಟ್ಟದೆ ನೋಡಬೇಕು.

• ಶೆಡ್ಡಿಗೆ ಎರಡೇ ತಂತಿ ಹೋಗಿದ್ದು, ಅಲ್ಲಿ ಮೂರು ಪಿನ್ನಿನ ಪ್ಲಗ್ ಇರುವುದು. ಹಸಿರು ತಂತಿ, ಅಂದರೆ ಅರ್ತ್, ಇಲ್ಲವೆಂದೇ ಇದರ ಅರ್ಥ.
• ಬಯಲಿನಲ್ಲಿ ಟೇಪು ಸುತ್ತಿದ ಜೋಡಣೆ. ಮರಕ್ಕೆ ಬಿಗಿದ ಅಥವಾ ಜೋತುಬಿದ್ದ ತಂತಿ.
• ಪಿಂಗಾಣಿ ಫ್ಯೂಸಿನಲ್ಲಿ ಫ್ಯೂಸ್ ಸರಿಗೆಯ ಬದಲು ದಪ್ಪ ತಾಮ್ರದ ಎಳೆ.
• ಪಂಪು ಚಾಲೂ ಆದಾಗ ದೀಪ ಮಂಕಾಗುವುದು, ಸ್ವಿಚ್ ಬಿಸಿಯಾಗುವುದು, ಸುಟ್ಟ ವಾಸನೆ.
• ನಲ್ಲಿ, ತಗಡು ಅಥವಾ ಗೋಡೆ ಮುಟ್ಟಿದಾಗ ‘ಜುಂ’ ಎನ್ನುವುದು. ಇದು ಸಣ್ಣ ವಿಷಯವಲ್ಲ. ಮೈನ್ ಸ್ವಿಚ್ ಆರಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಸಬೇಕು.
• ದನ ಹಟ್ಟಿಗೆ ಹೋಗಲು ಹಿಂಜರಿಯುವುದು, ಬಾನಿಯ ನೀರು ಮುಟ್ಟದಿರುವುದು. ಮುಂಗಾಲು, ಹಿಂಗಾಲುಗಳ ನಡುವಿನ ಅಂತರದಿಂದಾಗಿ ಒದ್ದೆ ನೆಲದ ಅಲ್ಪ ವಿದ್ಯುತ್ತೂ ದನಕ್ಕೆ ತಟ್ಟುತ್ತದೆ.

ಸರಿಪಡಿಸುವ ಕ್ರಮ

ಹಳೆಯ ತಂತಿಗೆ ತೇಪೆ ಹಾಕುವ ಬದಲು ಪೂರ್ತಿ ತೆಗೆದು, ಫೇಸ್, ನ್ಯೂಟ್ರಲ್, ಅರ್ತ್ ಮೂರೂ ಇರುವ ಆರ್ಮರ್ಡ್ ಕೇಬಲನ್ನು ನೆಲದಡಿ ಹಾಕಿಸುವುದು ಉತ್ತಮ. ಸುಮಾರು 75 ಸೆಂ.ಮೀ. ಆಳದ ಚರಡಿಯಲ್ಲಿ ಮರಳು ಹಾಸಿ, ಕೇಬಲಿನ ಮೇಲೆ ಮತ್ತೆ ಮರಳು, ಅದರ ಮೇಲೆ ಇಟ್ಟಿಗೆ ಸಾಲು ಇರಿಸಿದರೆ ಮುಂದೆ ಹಾರೆ ತಾಗುವ ಭಯ ಕಡಿಮೆ. ಹೊರಗಿನ ಕಟ್ಟಡಗಳಿಗೆ ಪ್ರತ್ಯೇಕವಾದ 30 ಮಿಲಿಆಂಪಿಯರ್ ಆರ್.ಸಿ.ಸಿ.ಬಿ.ಯನ್ನು ಮನೆಯ ಬದಿಯಲ್ಲೇ ಅಳವಡಿಸಬೇಕು. ಆಗ ಕೇಬಲಿಗೂ ರಕ್ಷಣೆ ಸಿಗುತ್ತದೆ. ಹಟ್ಟಿಯ ದೋಷಕ್ಕೆ ಮನೆಯಿಡೀ ಕತ್ತಲಾಗುವುದಿಲ್ಲ. ಶೆಡ್ಡಿನಲ್ಲಿ ಎರಡೂ ತಂತಿಗಳನ್ನು ಒಟ್ಟಿಗೆ ಕಡಿಯುವ ಸ್ವಿಚ್ ಇರಲಿ.

ನಮ್ಮ ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿ ಭೂಸಂಪರ್ಕ ದುರ್ಬಲವಾಗುತ್ತದೆ. ಆದ್ದರಿಂದ ಅರ್ತ್ ಗುಂಡಿಯ ರೋಧವನ್ನು ಬೇಸಗೆಯಲ್ಲಿಯೇ ಅಳೆಸಬೇಕು. ಮೆಗ್ಗರಿನಿಂದ ತಂತಿಯ ಹೊದಿಕೆಯ ಪರೀಕ್ಷೆಯನ್ನೂ ಮಾಡಿಸಿ, ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಆ ತಂತಿಯನ್ನು ಬಳಸಬಾರದು. ಆರ್.ಸಿ.ಸಿ.ಬಿ.ಯ ‘ಟಿ’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಮಾಡು ಸರಿಪಡಿಸಿ ಕಟ್ಟಿಗೆ ಒಳಸೇರಿಸುವ ಮಳೆಗಾಲದ ಸಿದ್ಧತೆಯಲ್ಲೇ ಇವೂ ಸೇರಲಿ.

ಹೊಣೆ ಮತ್ತು ಭಾಷೆ

ಮೀಟರಿನ ನಂತರದ ವೈರಿಂಗಿನ ಹೊಣೆ ಮನೆಯವರದು. ಕೆಲಸವನ್ನು ಪರವಾನಿಗೆ ಉಳ್ಳವರಿಂದಲೇ ಮಾಡಿಸಬೇಕು. ಮೀಟರಿನವರೆಗಿನ ತಂತಿಯ ದೋಷಗಳನ್ನು ಕೆ.ಎಸ್.ಇ.ಬಿ.ಯ 1912 ಸಂಖ್ಯೆಗೆ ತಿಳಿಸಬಹುದು. ಮಲಯಾಳ ಬಾರದೆಂದು ದೂರು ಕೊಡದೆ ಉಳಿಯಬೇಕಾಗಿಲ್ಲ: ಕುಂದುಕೊರತೆಯ ಮನವಿಯನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ನೀಡಿದೆ.

ಆದರೆ ಕಂಬದ ಫಲಕ ನಮ್ಮ ಅರ್ಜಿಗೆ ಕಾಯುವುದಿಲ್ಲ. ‘ಅಪಕಟಂ’ ಎಂಬ ಮಲಯಾಳ ಬರಹ ಹಾಗೂ ತಲೆಬುರುಡೆಯ ಚಿಹ್ನೆ ಎರಡನ್ನೂ ಕನ್ನಡ ಮಾಧ್ಯಮದ ಮಕ್ಕಳಿಗೆ ಗುರುತಿಸಲು ಕಲಿಸಬೇಕು. ಮನೆಯ ಸ್ವಿಚ್ ಬೋರ್ಡಿನ ಮೇಲೆ ‘ಮೈನ್’, ‘ಹಟ್ಟಿ’, ‘ಪಂಪು’, ‘ಶೆಡ್ಡು’ ಎಂದು ಕನ್ನಡದಲ್ಲಿ ದಪ್ಪವಾಗಿ ಬರೆದಿಡಿ. ಹಿರಿಯರಿಲ್ಲದ ಹೊತ್ತಿನಲ್ಲಿ ಯಾವುದನ್ನು ಆರಿಸಬೇಕೆಂದು ಮಗುವಿಗೆ ತಿಳಿದಿರಬೇಕು.

ಆಘಾತವಾದಾಗ

ವಿದ್ಯುತ್ ತಗಲಿದವರನ್ನು ಮುಟ್ಟಬಾರದು. ಮೊದಲು ಮೈನ್ ಸ್ವಿಚ್ ಆರಿಸಬೇಕು. ಅದು ಆಗದಿದ್ದರೆ ಹಿರಿಯರು ಒಣ ನೆಲದಲ್ಲಿ ನಿಂತು, ಒಣ ಮರದ ಕೋಲಿನಿಂದ ತಂತಿಯನ್ನು ಸರಿಸಬಹುದು. ಮಕ್ಕಳು ಕೂಗಿ ಕರೆಯಬೇಕೇ ಹೊರತು ಹತ್ತಿರ ಹೋಗಬಾರದು. ಹೊರಗಿನ ಕಂಬದ ತಂತಿ ಕಡಿದುಬಿದ್ದಿದ್ದರೆ ಹಿರಿಯರೂ ಸಮೀಪಿಸಬಾರದು. ಸಂಪರ್ಕ ತಪ್ಪಿದ ಮೇಲೆ ಉಸಿರಾಟವಿಲ್ಲದಿದ್ದರೆ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ, ದೊಡ್ಡವರಿಗೆ ಸುಮಾರು 5 ಸೆಂ.ಮೀ. ಆಳಕ್ಕೆ ಒತ್ತುತ್ತಿರಬೇಕು. ಜತೆಯಲ್ಲಿರುವವರು 108ಕ್ಕೆ ಕರೆ ಮಾಡಲಿ. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಕರೆದೊಯ್ಯಬೇಕು. ಹೃದಯದ ಬಡಿತ ಆಮೇಲೆ ಏರುಪೇರಾಗುವ ಸಾಧ್ಯತೆ ಇದೆ.