ಹತ್ತು ಸಾವಿರದಲ್ಲೊಂದು

ಅಧ್ಯಾಪಕನಾಗಿದ್ದಷ್ಟು ಕಾಲವೂ ಹಾಜರಿ ಪುಸ್ತಕದ ಕ್ರಮಸಂಖ್ಯೆಗಳೊಡನೆ ಬಾಳಿದವನು ನಾನು. ಹೆಸರು ಮರೆತರೂ ಸಂಖ್ಯೆಯನ್ನು ಮರೆಯದ ನನ್ನ ಅಭ್ಯಾಸವನ್ನು ಶಿಷ್ಯಮಿತ್ರರೆಲ್ಲರೂ ಬಲ್ಲರು. ಕಳೆದ ತಿಂಗಳು ಬೇರೆಯೇ ಬಗೆಯ ಕ್ರಮಸಂಖ್ಯೆಯೊಂದು ನನ್ನನ್ನು ಬಹಳ ದಿನ ಕಾಡಿತು.

ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ವಾದ್ಯಗಳನ್ನು ರಿಪೇರಿ ಮಾಡುವ ಹಳೆಯ ಶಿಷ್ಯನೊಬ್ಬ ಮನೆಗೆ ಬಂದಿದ್ದ. ಯಾರೋ ರಿಪೇರಿಗೆ ಕೊಟ್ಟಿದ್ದ, ಬೆಳ್ಳಿಯ ಬಣ್ಣದ ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ಮೇಜಿನ ಮೇಲೆ ಮಗುಚಿಟ್ಟು, ತಳದಲ್ಲಿದ್ದ ನಂಬರನ್ನು ತೋರಿಸಿದ. "ಇದರ ನಕಲುಗಳು ಬೇಕಾದಷ್ಟಿವೆ, ಮೇಷ್ಟ್ರೇ. ಅಸಲಿನವು ತಯಾರಾದದ್ದು ಸುಮಾರು 10,000 ಮಾತ್ರ. ಅದಕ್ಕೇ ಮೊದಲು ಈ ನಂಬರು ನೋಡುತ್ತೇವೆ" ಎಂದ.

ಅದು ಜಪಾನಿನ ರೋಲ್ಯಾಂಡ್ ಕಂಪನಿಯ ಟಿಬಿ-303. ತದಾವೊ ಕಿಕುಮೊಟೊ ಎಂಬ ಎಂಜಿನಿಯರರು ರೂಪಿಸಿದ ಈ ಯಂತ್ರ 1981ರಲ್ಲಿ ಮಾರುಕಟ್ಟೆಗೆ ಬಂದಿತು. ಸಂಗೀತ ಕಲಿಯುವ ನಮ್ಮ ಮಕ್ಕಳಿಗೆ ಶ್ರುತಿಪೆಟ್ಟಿಗೆ ಇರುವಂತೆ, ಒಬ್ಬನೇ ಕುಳಿತು ಅಭ್ಯಾಸ ಮಾಡುವ ಗಿಟಾರ್ ವಾದಕನಿಗೆ ಬಾಸ್ ಗಿಟಾರಿನ ಜೊತೆ ಒದಗಿಸುವುದು ಅದರ ಉದ್ದೇಶ. ಒಳಗಿರುವ ಸೀಕ್ವೆನ್ಸರಿಗೆ ಸ್ವರಗಳನ್ನೂ ಅವುಗಳ ಕಾಲವನ್ನೂ ಬೇರೆಬೇರೆಯಾಗಿ ತುಂಬಿದರೆ, 16 ಹೆಜ್ಜೆಗಳ ವಿನ್ಯಾಸವನ್ನು ಅದು ತಾಳದ ಆವರ್ತದಂತೆ ಮರಳಿ ಮರಳಿ ನುಡಿಸುತ್ತದೆ. ಆದರೆ ತುಂಬುವ ಕ್ರಮ ತೊಡಕಿನದು. ದನಿಯೂ ನಿಜವಾದ ಬಾಸ್ ಗಿಟಾರನ್ನು ಹೋಲುತ್ತಿರಲಿಲ್ಲ. ಕೊಳ್ಳುವವರು ಹೆಚ್ಚಲಿಲ್ಲ. 1984ರಲ್ಲಿ ತಯಾರಿಕೆ ನಿಂತಿತು. ಕೊಂಡಿದ್ದವರೂ ಸೆಕೆಂಡ್‌ಹ್ಯಾಂಡ್ ಅಂಗಡಿಗಳಿಗೆ ಸಾಗಹಾಕಿದರು.

ಅಗ್ಗವಾದದ್ದೇ ಅದರ ಭಾಗ್ಯವಾಯಿತು. ಅಮೆರಿಕದ ಶಿಕಾಗೋ ನಗರದಲ್ಲಿ 'ಫ್ಯೂಚರ್' ಎಂಬ ತಂಡ ಕಟ್ಟಿದ ಯುವಕರ ಕೈಗೆ ಅಂಥದೊಂದು ಹಳೆಯ ಯಂತ್ರ ಸಿಕ್ಕಿತು. ಅವರು ಅದರಿಂದ ಬಾಸ್ ಗಿಟಾರಿನ ಅನುಕರಣೆಯನ್ನು ಬಯಸಲಿಲ್ಲ. ಅದು ನುಡಿಯುತ್ತಿರುವಾಗಲೇ ಗುಂಡಿಗಳನ್ನು ತಿರುಗಿಸಿ, ಆ ವಿಚಿತ್ರ ದನಿಯನ್ನೇ ಹಿಂಡಿ ತೆಗೆದರು. 1987ರಲ್ಲಿ ಹೊರಬಂದ ಅವರ 'ಆಸಿಡ್ ಟ್ರ್ಯಾಕ್ಸ್' ಮುದ್ರಿಕೆಯಿಂದ 'ಆಸಿಡ್ ಹೌಸ್' ಎಂಬ ಸಂಗೀತಪ್ರಕಾರವೇ ಪ್ರಸಿದ್ಧವಾಯಿತು. ದೋಷವೆನಿಸಿದ್ದು ಗುಣವಾಯಿತು. ಇಂದು ಅಸಲು ಯಂತ್ರವೊಂದರ ಬೆಲೆ ಲಕ್ಷಗಳ ಲೆಕ್ಕದಲ್ಲಿದೆ.

ಇದಕ್ಕೂ ಮೊದಲೇ ಮುಂಬಯಿಯಲ್ಲಿ ಒಂದು ಪ್ರಯೋಗ ನಡೆದಿತ್ತೆಂಬುದು ನನಗೆ ಹೆಚ್ಚು ಸೋಜಿಗವೆನಿಸಿತು. ಹಿಂದಿ ಚಿತ್ರಸಂಗೀತದ ವಾದ್ಯಗಾರರಾಗಿದ್ದ ಚರಣ್‌ಜಿತ್ ಸಿಂಗ್ ಅವರು 1982ರಲ್ಲಿಯೇ ಈ ಯಂತ್ರವನ್ನು ಬಳಸಿ ಭೈರವ, ಲಲಿತ, ಯಮನ್, ಮಾಲಕೌಂಸ್ ಮೊದಲಾದ ಹತ್ತು ರಾಗಗಳನ್ನು ಡಿಸ್ಕೋ ಲಯದಲ್ಲಿ ನುಡಿಸಿ ಧ್ವನಿಮುದ್ರಿಸಿದ್ದರು. ಆಗ ಅದನ್ನು ಕೇಳಿದವರು ಕಡಿಮೆ. 2010ರಲ್ಲಿ ಅದು ಮರುಮುದ್ರಣಗೊಂಡಾಗ ಪಾಶ್ಚಾತ್ಯ ಶ್ರೋತೃಗಳು ಬೆರಗಾದರು. 2015ರಲ್ಲಿ ಅವರು ತೀರಿಕೊಂಡರು. ಮನ್ನಣೆ ತಡವಾಗಿಯಾದರೂ ಅವರ ಕಣ್ಣಮುಂದೆಯೇ ದೊರೆಯಿತು ಎಂಬುದೊಂದು ಸಮಾಧಾನ.

ಕಾರ್ಖಾನೆಯವರು ನಂಬರು ಹಾಕುವುದು ತಮ್ಮ ಲೆಕ್ಕಕ್ಕಾಗಿ. ಎಷ್ಟನೆಯದು ಎಂಬುದನ್ನು ಅದು ಹೇಳೀತು. ಮುಂದೆ ಯಾರ ಕೈ ಸೇರೀತು, ಏನು ನುಡಿದೀತು ಎಂಬುದನ್ನು ಹೇಳಲಾರದು. ಈ ಮಾತನ್ನು ನಾನು ಶಿಷ್ಯನ ಮುಂದೆ ಆಡುತ್ತಿರುವಾಗ ಅವನು ನಕ್ಕು, "ನನ್ನ ನಂಬರು ನೆನಪಿದೆಯೇ, ಮೇಷ್ಟ್ರೇ?" ಎಂದು ಕೇಳಿದ.

"37" ಎಂದೆ.

ಅವನು ಗಣಿತದಲ್ಲಿ ಅನುತ್ತೀರ್ಣನಾದ ವರ್ಷ ಅವನ ತಂದೆಯನ್ನು ಶಾಲೆಗೆ ಕರೆಸಿ, "ಇವನಿಗೆ ವಿದ್ಯೆ ಹತ್ತುವುದಿಲ್ಲ" ಎಂದಿದ್ದವನು ನಾನೇ. ಅದೂ ನೆನಪಿತ್ತು. "ಅಂದು ನಾನು ಆಡಿದ ಮಾತು ತಪ್ಪಾಗಿತ್ತಪ್ಪಾ" ಎಂದೆ. ಅವನು ಉತ್ತರಿಸಲಿಲ್ಲ. ಪೆಟ್ಟಿಗೆಯನ್ನು ನೆಟ್ಟಗೆ ತಿರುಗಿಸಿ, ತಂತಿ ಜೋಡಿಸಿ, "ಕೇಳಿ ಮೇಷ್ಟ್ರೇ, ಸರಿಹೋಗಿದೆ" ಎಂದು ಗುಂಡಿ ತಿರುಗಿಸಿದ.