ಕುಗ್ಗದ ಚಕ್ರ, ತಾಗುವ ಬೆರಳು

ಸಾಲಿಗ್ರಾಮ, ಮಿರ್ಲೆ, ಚುಂಚನಕಟ್ಟೆ ಸುತ್ತಿನ ನಾಲೆ ಏರಿಗಳ ಮೇಲೆ ದಶಕಗಟ್ಟಲೆ ಓಡಾಡಿದ ಕರಿ ಸೈಕಲ್ಲಿನ ಮೇಲೆ ದೂರುಗಳಿಗೇನೂ ಕೊರತೆಯಿರಲಿಲ್ಲ. ಅದು ಭಾರ, ಎತ್ತರ, ಮಳೆಯಲ್ಲಿ ರಿಮ್ಮು ನೆನೆದರೆ ಬ್ರೇಕು ಹಿಡಿಯುವುದಿಲ್ಲ. ಆದರೆ ಹ್ಯಾಂಡಲ್ ತಿರುಗಿಸಿದಾಗ ಮುಂದಿನ ಚಕ್ರ ಕಾಲ್ಬೆರಳಿಗೆ ಬಡಿಯುತ್ತದೆಂಬ ದೂರನ್ನು ಅದರ ಮೇಲೆ ಹೊರಿಸುವಂತಿರಲಿಲ್ಲ. ಈಗ ಕುಳ್ಳಗಿರುವವರಿಗೆಂದು, ಬೆಳೆಯುವ ಮಕ್ಕಳಿಗೆಂದು ಕೊಳ್ಳುವ ಚಿಕ್ಕ ಫ್ರೇಮಿನ ಗೇರ್ ಸೈಕಲ್ಲುಗಳಲ್ಲಿ ಈ ತೊಂದರೆ ಕಾಣಿಸಿಕೊಳ್ಳುತ್ತಿದೆ. ಹಳೆಯ ಕಾಲದ ಮಾಲು ಗಟ್ಟಿ, ಈಗಿನದು ಕಳಪೆ ಎಂದು ಮಾತು ಮುಗಿಸಿಬಿಡುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಕುಳ್ಳಗಿನ ಸವಾರನಿಗೆ ಹಳೆಯ ಸೈಕಲ್ಲು ಕೊಟ್ಟ ಕಷ್ಟಕ್ಕೂ ಹೊಸದು ಕೊಡುತ್ತಿರುವ ಕಷ್ಟಕ್ಕೂ ಬೇರು ಒಂದೇ: ಫ್ರೇಮನ್ನು ಕುಗ್ಗಿಸಿದರೂ ಚಕ್ರವನ್ನು ಕುಗ್ಗಿಸದಿರುವುದು.

ಇಂಗ್ಲೆಂಡಿನ ಜೆ.ಕೆ. ಸ್ಟಾರ್ಲಿ 1885ರಲ್ಲಿ ರೋವರ್ ಸೈಕಲ್ಲನ್ನು ಮಾರುಕಟ್ಟೆಗೆ ತಂದ. ಆಮೇಲೆ ಹೆಚ್ಚು ಕಡಿಮೆ ಒಂದೇ ಅಳತೆಯ ಎರಡು ಚಕ್ರಗಳ ನಡುವೆ ಸವಾರನನ್ನು ಕೂರಿಸುವ ಕ್ರಮ ಗಟ್ಟಿಯಾಯಿತು. ರ‍್ಯಾಲಿ, ಹರ್ಕ್ಯುಲಿಸ್, ಫಿಲಿಪ್ಸ್ ಹೆಸರಿನಲ್ಲಿ ನಮ್ಮ ಕಡೆಗೆ ಬಂದದ್ದು ಅದೇ ಕ್ರಮದ ಭಾರದ ಸೈಕಲ್ಲು. 1949ರಲ್ಲಿ ಮದರಾಸಿನ ಟಿಐ ಸೈಕಲ್ಸ್, 1951ರಲ್ಲಿ ಸೋನಿಪತ್‌ನ ಅಟ್ಲಾಸ್, 1956ರಲ್ಲಿ ಲುಧಿಯಾನದ ಹೀರೋ ಶುರುವಾದ ಮೇಲೂ ಅಚ್ಚು ಬದಲಾಗಲಿಲ್ಲ. ಚಕ್ರ 28 ಇಂಚು, ಟೈರು ಒಂದೂವರೆ ಇಂಚು, ಫ್ರೇಮು 22 ಅಥವಾ 24 ಇಂಚು. ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ ಸುಮಾರು 45 ಇಂಚು ಉದ್ದ. ಹ್ಯಾಂಡಲಿನ ಕೊಳವೆ ಹಿಂದಕ್ಕೆ ಚೆನ್ನಾಗಿ ವಾಲಿ, ಫೋರ್ಕು ತುದಿಯಲ್ಲಿ ಮುಂದಕ್ಕೆ ಬಾಗಿ, ಚಕ್ರ ಸವಾರನ ಪಾದದಿಂದ ದೂರ ಹೋಗಿಬಿಡುತ್ತಿತ್ತು. ಬೆರಳಿನ ಮೇಲಿನ ಕರುಣೆಯಿಂದ ಹಾಗೆ ಮಾಡಿದ್ದಲ್ಲ. ಹಳ್ಳ ದಿಣ್ಣೆಯ ದಾರಿಯಲ್ಲಿ ಕುಲುಕು ಕಡಿಮೆಯಾಗಲಿ, ಕ್ಯಾರಿಯರ್ ಮೇಲೆ ಭತ್ತದ ಮೂಟೆ ಹೇರಿದರೂ ಹ್ಯಾಂಡಲ್ ನೇರ ನಿಲ್ಲಲಿ ಎಂಬ ಲೆಕ್ಕ ಅದು. ಬೆರಳು ಉಳಿದದ್ದು ಅದರ ಜೊತೆಗೆ ಸಿಕ್ಕ ಲಾಭ. ಆ ಲಾಭ ಸಣ್ಣದೇನಲ್ಲ. ರೇಸಿನವರು ಪಾದದ ಮುಂಭಾಗದಿಂದ ಪೆಡಲು ತುಳಿಯುತ್ತಾರೆ. ನಮ್ಮ ಹಳ್ಳಿಯಲ್ಲಿ ಬರಿಗಾಲಲ್ಲೋ ಹವಾಯಿ ಚಪ್ಪಲಿಯಲ್ಲೋ ತುಳಿಯುವವರು ಅಂಗಾಲಿನ ನಡುವನ್ನೇ ಪೆಡಲಿಗೆ ಊರುತ್ತಾರೆ. ಆಗ ಬೆರಳು ಇನ್ನೂ ಒಂದೆರಡು ಇಂಚು ಮುಂದೆ ಚಾಚಿಕೊಂಡಿರುತ್ತದೆ. ಉದ್ದನೆಯ ಸೈಕಲ್ಲು ಅದಕ್ಕೂ ಜಾಗ ಬಿಟ್ಟಿತ್ತು.

ಹಾಗಾದರೆ ಕುಳ್ಳಗಿನವರ ಗತಿ? 24 ಇಂಚಿನ ಬದಲು 22 ಇಂಚಿನ ಫ್ರೇಮು ಇತ್ತಲ್ಲ ಎಂದು ಕೇಳಬಹುದು. ಅಲ್ಲಿ ಕಡಿಮೆಯಾದದ್ದು ಸೀಟಿನ ಕೊಳವೆಯ ಎರಡು ಇಂಚು. ಚಕ್ರ ಅದೇ 28. ಹಾಗಾಗಿ ಬಾರಿನ ಮೇಲೆ ಕಾಲು ಹಾಕಲಾಗದ ಹುಡುಗರು ಬಾರಿನ ಕೆಳಗಿನ ಸಂದಿಯಲ್ಲಿ ಕಾಲು ತೂರಿಸಿ, ಸೈಕಲ್ಲನ್ನು ಒಂದು ಕಡೆಗೆ ವಾಲಿಸಿಕೊಂಡು ಒಳಪೆಡಲು ತುಳಿದರು. ಅದನ್ನು ಬಾಲ್ಯದ ಸೊಗಸೆಂದು ಬರೆಯುವುದು ನಮ್ಮಲ್ಲಿ ವಾಡಿಕೆ. ನಿಜವಾಗಿ ಅದು ದೊಡ್ಡವರ ಅಳತೆಯ ಯಂತ್ರಕ್ಕೆ ಮಕ್ಕಳು ಮೈ ತಿರುಚಿಕೊಂಡು ಹೊಂದಿಕೊಂಡ ರೀತಿ. ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ರಾಜ್ಯ ಸರ್ಕಾರ 2006-07ರಲ್ಲಿ ಆರಂಭಿಸಿದಾಗ ಹುಡುಗಿಯರಿಗೆ ಅಡ್ಡಬಾರಿಲ್ಲದ ಸೈಕಲ್ಲು ಬಂತು. ಹತ್ತಿ ಇಳಿಯುವ ಕಷ್ಟವೊಂದು ಆ ಮಟ್ಟಿಗೆ ತಪ್ಪಿತು.

ಹೊಸ ನಮೂನೆಯ ಸೈಕಲ್ಲು ಎತ್ತರದ ಕಷ್ಟವನ್ನು ಇನ್ನಷ್ಟು ಇಳಿಸಿತು: ಬಾರು ಓರೆಯಾಯಿತು, ಸೀಟು ತಗ್ಗಿತು. ಹ್ಯಾಂಡಲ್ ಕೈಗೆಟುಕಲೆಂದು ಫ್ರೇಮಿನ ಉದ್ದವೂ ಕುಗ್ಗಿತು. ಚಕ್ರ ಮಾತ್ರ ದೊಡ್ಡವರ ಸೈಕಲ್ಲಿನದೇ. ಲೆಕ್ಕ ಹಾಕಿ ನೋಡೋಣ. 622 ಮಿ.ಮೀ. ರಿಮ್ಮಿಗೆ 28 ಮಿ.ಮೀ. ಟೈರು ಹಾಕಿದರೆ ಅಚ್ಚಿನಿಂದ ಟೈರಿನ ಅಂಚಿಗೆ ಸುಮಾರು 34 ಸೆಂ.ಮೀ. ಕ್ರ್ಯಾಂಕು 17. ಪೆಡಲಿನ ನಡುವಿನಿಂದ ಚಪ್ಪಲಿಯ ತುದಿಗೆ 10 ಎನ್ನಿ. ಒಟ್ಟು 61. ಕ್ರ್ಯಾಂಕಿನ ಅಚ್ಚಿನಿಂದ ಮುಂದಿನ ಚಕ್ರದ ಅಚ್ಚಿಗೆ ಅಷ್ಟು ದೂರವಿಲ್ಲದಿದ್ದರೆ ಬೆರಳು ಟೈರಿಗೆ ತಾಗುವ ಸಂಭವವಿದೆ. ಚಿಕ್ಕ ರೋಡ್ ಸೈಕಲ್ಲುಗಳಲ್ಲಿ ಈ ದೂರ ಅನೇಕ ಬಾರಿ 58ರ ಆಸುಪಾಸಿನಲ್ಲಿರುತ್ತದೆ. ಮಳೆಗಾಲಕ್ಕೆ ಮಡ್‌ಗಾರ್ಡ್ ಹಾಕಿಸಿದರೆ ಇನ್ನೊಂದು ಸೆಂ.ಮೀ. ಹೋಯಿತು. ಬೆರಳು ಬಡಿದರೆ ಬಡಿಯುವುದು ಆಗ ತಗಡಿನ ಅಂಚಿಗೆ.

ಇದಕ್ಕೆ ಅನುಭವಸ್ಥ ಸವಾರರ ಆಕ್ಷೇಪವೊಂದಿದೆ, ಅದರಲ್ಲಿ ಹುರುಳೂ ಇದೆ. ವೇಗವಾಗಿ ಹೋಗುವಾಗ ಯಾರೂ ಹ್ಯಾಂಡಲನ್ನು ಅಷ್ಟು ತಿರುಗಿಸುವುದಿಲ್ಲ; ಮೈ ವಾಲಿಸಿದರೆ ಸೈಕಲ್ಲು ತಾನೇ ತಿರುಗುತ್ತದೆ. ತಾಗುವುದೇನಿದ್ದರೂ ನಡಿಗೆಯ ವೇಗದಲ್ಲಿ. ಆಗಲೂ ಪೆಡಲನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ, ತಿರುವಿನ ಹೊರಬದಿಯ ಕಾಲನ್ನು ಹಿಂದಕ್ಕೆ ಸರಿಸಿಕೊಂಡರೆ ಮುಗಿಯಿತು. ಮೈಸೂರು-ಹುಣಸೂರು ಹೆದ್ದಾರಿಗೆ ಈ ಮಾತು ಸರಿ. ಆದರೆ ಕೃಷ್ಣರಾಜನಗರ ಸೀಮೆಯ ಗದ್ದೆ ಬಯಲಿನಲ್ಲಿ ಸೈಕಲ್ಲಿನ ಬದುಕೆಲ್ಲ ನಡಿಗೆಯ ವೇಗದ್ದೇ. ನಾಲೆ ಏರಿಯಿಂದ ತೂಬಿನ ಹತ್ತಿರ ಇಳಿಯುವ ತಿರುವು, ಹಾಲಿನ ಕ್ಯಾನು ತೂಗುಹಾಕಿಕೊಂಡು ಡೇರಿಯ ಮುಂದೆ ಹೊರಳುವ ಜಾಗ, ಸಂತೆಯ ದಿನದ ಕಿಕ್ಕಿರಿದ ರಸ್ತೆ. ಏರಿಯ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಕೆಸರು ಗದ್ದೆ ಇರುವಾಗ ಹ್ಯಾಂಡಲ್ ಒಂದು ಕ್ಷಣ ಕಚ್ಚಿಕೊಂಡರೂ ಸಾಕು. ಹೊಂದಿಕೊಳ್ಳಬಹುದು, ನಿಜ. ಒಳಪೆಡಲಿಗೂ ಹೊಂದಿಕೊಂಡಿದ್ದರಲ್ಲ!

ಚಕ್ರವನ್ನೇ ಚಿಕ್ಕದು ಮಾಡಬಾರದೇಕೆ? ಮಾಡಿದವರಿದ್ದಾರೆ. ಅಮೆರಿಕದ ಜಾರ್ಜಿನಾ ಟೆರ‍್ರಿ 1985ರಲ್ಲಿ ಹೆಂಗಸರಿಗೆಂದೇ ಸೈಕಲ್ ಕಂಪನಿ ತೆರೆದು, ಚಿಕ್ಕ ಫ್ರೇಮುಗಳಿಗೆ ಹಿಂದೆ ಮಾಮೂಲಿ ಚಕ್ರ, ಮುಂದೆ 24 ಇಂಚಿನ ಚಕ್ರ ಹಾಕಿ ಬೆರಳಿಗೆ ಜಾಗ ಮಾಡಿಕೊಟ್ಟರು. ನೋಡುವವರಿಗೆ ವಿಚಿತ್ರ, ತುಳಿಯುವವರಿಗೆ ಹಿತ. ಆದರೆ ಹಿಂದಕ್ಕೊಂದು ಅಳತೆಯ ಟ್ಯೂಬು, ಮುಂದಕ್ಕೊಂದು ಅಳತೆಯದು ಬೇಕಾಯಿತು. ಹೋಬಳಿ ಊರಿನ ಸೈಕಲ್ ಶಾಪಿನವರ ಕಷ್ಟ ಇಲ್ಲೇ ಅರ್ಥವಾಗುತ್ತದೆ. 28 ಇಂಚಿನ ಟೈರು ಎಲ್ಲರಿಗೂ ಬೇಕಾದ್ದರಿಂದ ಎಲ್ಲ ಕಡೆ ಸಿಗುತ್ತಿತ್ತು. ಎಲ್ಲ ಕಡೆ ಸಿಗುತ್ತಿದ್ದುದರಿಂದ ಎಲ್ಲರೂ ಅದನ್ನೇ ಕೊಂಡರು. ಈ ಸುತ್ತನ್ನು ಮುರಿದು ಕುಳ್ಳಗಿನವರಿಗೆ ಬೇರೆ ಅಳತೆ ಇಟ್ಟುಕೊಳ್ಳುವುದು ಸಣ್ಣ ಅಂಗಡಿಗೆ ನಷ್ಟದ ಬಾಬ್ತು. ಚಿಕ್ಕ ಚಕ್ರ ಗುಂಡಿಯಲ್ಲಿ ಹೆಚ್ಚು ಕುಲುಕುತ್ತದೆ ಎಂಬುದೂ ಸುಳ್ಳಲ್ಲ. ತಯಾರಕರ ಲೆಕ್ಕ ತಪ್ಪಲ್ಲ. ಆ ಲೆಕ್ಕದಲ್ಲಿ ಕುಳ್ಳಗಿನವರ ಬಾಬ್ತು ಯಾವಾಗಲೂ ಕೊನೆಗೆ ಬಂದಿದೆ ಎಂಬುದಷ್ಟೇ ನನ್ನ ತಕರಾರು.

ಅಮೆರಿಕದ ಸುರಕ್ಷತಾ ನಿಯಮ 1970ರ ದಶಕದಿಂದಲೇ ಬೆರಳಿನ ಜಾಗಕ್ಕೊಂದು ಅಳತೆ ಹೇಳಿದೆ: ಪಾದವನ್ನು ಪೆಡಲಿಗೆ ಬಿಗಿಯುವ ಪಟ್ಟಿ ಇಲ್ಲದ ಸೈಕಲ್ಲಿನಲ್ಲಿ ಪೆಡಲಿನ ನಡುವಿಗೂ ತಿರುಗಿದ ಟೈರಿಗೂ ಅಥವಾ ಮಡ್‌ಗಾರ್ಡಿಗೂ ಕನಿಷ್ಠ 89 ಮಿ.ಮೀ., ಅಂದರೆ ಮೂರೂವರೆ ಇಂಚು ಅಂತರವಿರಬೇಕು. ಚಪ್ಪಲಿಯಲ್ಲಿ ಅಂಗಾಲು ಊರಿ ತುಳಿಯುವವರಿಗೆ ಅದೂ ಸಾಲದು. ಸಾಲಿಗ್ರಾಮದಲ್ಲಾಗಲಿ ಪಿರಿಯಾಪಟ್ಟಣದಲ್ಲಾಗಲಿ ಮಗುವಿಗೆ ಸೈಕಲ್ ಕೊಳ್ಳುವವರು ಗೇರು ಎಷ್ಟೆಂದು ಕೇಳುವ ಮೊದಲು ಮಗುವನ್ನು ಸೀಟಿನ ಮೇಲೆ ಕೂರಿಸಿ, ಒಂದು ಪೆಡಲನ್ನು ನೇರ ಮುಂದಕ್ಕೆ ತಂದು, ಹ್ಯಾಂಡಲನ್ನು ಅದರ ಎದುರು ಕಡೆಗೆ ಪೂರ್ತಿ ತಿರುಗಿಸಿ ನೋಡಿ. ಬೆರಳಿಗೆ ಟೈರು ತಾಗಿದರೆ ಬಣ್ಣ ಎಷ್ಟೇ ಚೆನ್ನಾಗಿರಲಿ, 24 ಇಂಚಿನ ಚಕ್ರದ್ದು ಕೊಡಿ ಎಂದು ಕೇಳಿ.